ಭೂಗೋಳವು ಅಂಗಳದಿಂದ ಆರಂಭವಾಗಲಿ
(ವಿದ್ಯಾರಣ್ಯಪುರಂನಲ್ಲಿ ಶಿಕ್ಷಕ ಬಂಧುಗಳೆದುರು ಮಾಡಿದ ಭಾಷಣ)



ಪ್ರಾಥಮಿಕ ಶಾಲೆಯ ಮಗುವನ್ನು ನಾಡಿನ ನದಿಗಳಾವುವೆಂದು ಕೇಳಿರಿ, ಗಿಳಿಯಂತೆ ಒಪ್ಪಿಸುವುದು. ‘ನಿನ್ನ ಮನೆಯ ಮುಂದಿನ ಮೋರಿಯ ನೀರು ಎಲ್ಲಿಗೆ ಹೋಗುವುದಪ್ಪಾ?’ ಎಂದು ಕೇಳಿರಿ, ಸುಮ್ಮನಾಗುವುದು. ಆ ಮೌನವೇ ನಮ್ಮ ಇಂದಿನ ವಿಷಯ. ಭೂಗೋಳವೆಂಬುದು ಹೆಸರುಗಳ ಪಟ್ಟಿಯಲ್ಲ. ತಾನು ನಿಂತ ನೆಲವನ್ನು ಅರಿಯುವ ವಿದ್ಯೆ. ಆದಕಾರಣ ಅದು ಗೋಡೆಯ ನಕಾಶೆಯಿಂದಲ್ಲ, ಶಾಲೆಯ ಅಂಗಳದಿಂದ ಆರಂಭವಾಗತಕ್ಕದ್ದು.

ಮೊದಲನೆಯ ಪಾಠಕ್ಕೆ ಒಂದು ಕೋಲು ಸಾಕು. ಅದನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ, ನಡುಹಗಲಿನ ಹೊತ್ತಿಗೆ ನೆರಳಿನ ತುದಿಯನ್ನು ಮಕ್ಕಳಿಂದಲೇ ಮತ್ತೆ ಮತ್ತೆ ಗುರುತು ಮಾಡಿಸಿರಿ. ಅತ್ಯಂತ ಗಿಡ್ಡವಾದ ನೆರಳಿನ ಗೆರೆಯೇ ಉತ್ತರ ದಕ್ಷಿಣಗಳ ಗೆರೆ. ಮೈಸೂರಿನಲ್ಲಿ ಆ ನೆರಳು ಡಿಸೆಂಬರಿನಲ್ಲಿ ಉತ್ತರಕ್ಕೆ ಬೀಳುವುದು, ಜೂನಿನಲ್ಲಿ ದಕ್ಷಿಣಕ್ಕೆ! ಆಗಸ್ಟ್ 20ರ ಸುಮಾರಿಗೆ ಸೂರ್ಯನು ನಡುನೆತ್ತಿಗೆ ಬರಲು, ನೆರಳು ಕೋಲಿನ ಬುಡದಲ್ಲಿಯೇ ಅಡಗುವುದು. ಬೀದರಿನ ಮಗುವಿಗೆ ಇದೇ ನೋಟವು ಆಗಸ್ಟಿನ ಮೊದಲ ದಿನಗಳಲ್ಲಿಯೇ ಲಭಿಸುವುದು. ಅಲ್ಲಿಂದ ಇಲ್ಲಿಗೆ ಸೂರ್ಯನ ಪಯಣವು ಸುಮಾರು ಮೂರು ವಾರ. ಮೋಡವಿಲ್ಲದ ದಿನ ಕಂಡುದನ್ನು ಎರಡು ಊರುಗಳ ಮಕ್ಕಳು ಪರಸ್ಪರ ಕಾಗದ ಬರೆದು ತಿಳಿಸಲಿ. 1956ರ ನವೆಂಬರ್ 1ರವರೆಗೆ ಬೀದರು ಹೈದರಾಬಾದಿಗೆ ಸೇರಿತ್ತು. ಮೈಸೂರು ಬೇರೆಯೇ ಇತ್ತು. ಸೂರ್ಯನು ಆ ಗಡಿಯನ್ನು ಎಂದೂ ಎಣಿಸಿದವನಲ್ಲ. ನಾಡು ಒಂದೆಂಬುದನ್ನು ಉಪದೇಶದಿಂದ ಕಲಿತ ಮಗು ಮರೆತೀತು. ನೆರಳನ್ನಳೆದು ಕಲಿತ ಮಗು ಮರೆಯದು.

ಎರಡನೆಯದು ನೀರಿನ ಪಾಠ. ಮೈಸೂರು ನಗರವು ಒಂದು ದಿಣ್ಣೆಯ ಮೇಲಿದೆ. ಅದರ ಉತ್ತರದ ಮಳೆನೀರು ಕಾವೇರಿಯ ಕಡೆಗೆ ಇಳಿಯುವುದು. ನಮ್ಮ ಈ ದಕ್ಷಿಣದ ನೀರು ದಳವಾಯಿ ಕೆರೆಯ ದಾರಿ ಹಿಡಿದು ಕಬಿನಿಯನ್ನರಸುವುದು. ಬೇರೆಯಾದ ಆ ಎರಡು ಹನಿಗಳು ತಿರುಮಕೂಡಲು ನರಸೀಪುರದಲ್ಲಿ ಮತ್ತೆ ಕೂಡುವುವು. ಕಾವೇರಿ ಹುಟ್ಟುವುದು ಕೊಡಗಿನಲ್ಲಿ, ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ನಮ್ಮ ನಲ್ಲಿಗಳಿಗೆ ಬರುವ ನೀರೂ ಈ ಎರಡು ನದಿಗಳದೇ. ಇಷ್ಟನ್ನು ತಿಳಿದ ಮಗುವಿಗೆ ಮೇಲಿನ ಊರಿನ ಋಣವೂ ಕೆಳಗಿನ ಊರಿನ ಹೊಣೆಯೂ ತಾನಾಗಿಯೇ ಹೊಳೆಯುವುದು. ಈ ವಿದ್ಯಾರಣ್ಯಪುರಂನ ಸ್ಯೂಯೇಜ್ ಫಾರಮ್ಮಿನಲ್ಲಿ ಊರಿನ ಕಸವು ಗುಡ್ಡವಾಗಿ ಬೆಳೆದುದನ್ನು ಕಂಡವರು ನೀವು. ಅದೂ ಭೂಗೋಳವೇ. ಬೀದಿಯ ಕೊಳೆ ಎಲ್ಲಿಗೆ ಸೇರುವುದೆಂದು ಅರಿಯದ ಬಾಲಕನು ನಾಳೆ ಪೌರನಾದಾಗ ಕೆರೆಯನ್ನು ಹೇಗೆ ಕಾದಾನು?

ಇವೆರಡಾದ ಮೇಲೆ ನಕಾಶೆ. ಶಾಲೆಯಿಂದ ಮನೆಗೆ ಎಷ್ಟು ಹೆಜ್ಜೆಯೆಂದು ಮಗು ಎಣಿಸಲಿ. ನೂರು ಹೆಜ್ಜೆಗೆ ಒಂದು ಅಂಗುಲದಂತೆ ಗೆರೆಯೆಳೆಯಲಿ. ಪೂರ್ವಕ್ಕೆ ಚಾಮುಂಡಿ ಬೆಟ್ಟವನ್ನು ಗುರುತಿಸಲಿ. ತನ್ನ ಬೀದಿಯನ್ನು ಬರೆದ ಕೈಗೆ ಕರ್ನಾಟಕದ ನಕಾಶೆಯು ಬಣ್ಣದ ಕಾಗದವಾಗಿ ಉಳಿಯದು.

ಎದುರು ಪಕ್ಷದ ವಾದವನ್ನೂ ಕೇಳುವುದು ವಕೀಲರಾದ ನಮ್ಮ ಧರ್ಮ. ‘ತರಗತಿಯಲ್ಲಿ ಮಕ್ಕಳು ಬಹಳ, ಪಾಠಗಳು ಬಹಳ, ಪರೀಕ್ಷೆ ಹತ್ತಿರ’ ಎಂದು ನೀವು ಹೇಳುವಿರಿ. ಮಾತು ನಿಜ. ಆದರೆ ನಾವು ಹೊಸ ಪುಸ್ತಕವನ್ನು ಹೊರಿಸುತ್ತಿಲ್ಲ. ತಿಂಗಳಿಗೊಂದು ದಿನ ಅರ್ಧ ಗಂಟೆಯ ನೆರಳು, ಮಳೆಗಾಲದಲ್ಲಿ ಒಂದು ದಿನದ ನೀರು. ಇಷ್ಟೇ ನಮ್ಮ ಬೇಡಿಕೆ. ಕಣ್ಣಾರೆ ಕಂಡುದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲವಾದ್ದರಿಂದ ಆ ಹೊತ್ತು ನಿಮಗೆ ಮರಳಿ ದೊರೆಯುವುದು.

ಮುಂದಿನ ಮಳೆ ಬಂದು ನಿಂತೊಡನೆ, ಬಂಧುಗಳೇ, ಮಕ್ಕಳನ್ನು ಶಾಲೆಯ ಬಾಗಿಲಿಗೆ ಕರೆತನ್ನಿರಿ. ನೀರು ಯಾವ ಕಡೆಗೆ ಹರಿಯಿತೆಂದು ಕೇಳಿರಿ. ಉತ್ತರವನ್ನು ಮಾತ್ರ ನೀವು ಹೇಳಬೇಡಿರಿ.