ಫೋನ್ ಒಳಗಿನ ಅಪ್ಪ

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಾ ಇದ್ದೀರೋ, ಪಾತ್ರೆ ತೊಳೀತಾ ಕೇಳ್ತಾ ಇದ್ದೀರೋ, ಮಗು ಮಲಗಿದ ಮೇಲೆ ಒಂದೇ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ದೀರೋ, ಎಲ್ಲರಿಗೂ ಸ್ವಾಗತ. ಇವತ್ತು ರಾಜಕೀಯ ಇಲ್ಲ, ಸಿನಿಮಾ ಇಲ್ಲ. ನಮ್ಮನೆ ವಿಷಯ ಹೇಳ್ತೀನಿ. ನನಗೊಬ್ಳು ಮಗಳಿದ್ದಾಳೆ. ಎರಡು ವರ್ಷ ಎರಡು ತಿಂಗಳು. ಮನೇಲಿ ಪುಟ್ಟಿ ಅಂತೀವಿ. ಅವಳ ಒಂಬತ್ತನೇ ತಿಂಗಳಿಂದ ಹದಿನಾಲ್ಕನೇ ತಿಂಗಳ ತನಕ, ಅಂದ್ರೆ ಐದು ತಿಂಗಳು, ಅವಳು ನಮ್ಮ ಜೊತೆ ಇರಲಿಲ್ಲ. ಆ ಐದು ತಿಂಗಳ ಕಥೆ ಇದು.

ನನ್ನ ಹೆಂಡ್ತಿಗೆ 26 ವಾರ ಹೆರಿಗೆ ರಜೆ ಸಿಕ್ತು. ಮೊದಲು ಕಾನೂನಿನಲ್ಲಿ ಇದ್ದದ್ದು 12 ವಾರ, 2017ರ ತಿದ್ದುಪಡಿ ಆದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಆಯ್ತು. ಕೇಳೋಕೆ ಆರು ತಿಂಗಳು. ಆದ್ರೆ ಹೆರಿಗೆಗೆ ಮುಂಚೆ ಮೂರು ವಾರ ಅದರಲ್ಲೇ ಹೋಯ್ತು. ಉಳಿದ ರಜೆ ಎಲ್ಲ ಸೇರಿಸಿ ಮಗುಗೆ ಆರೂವರೆ ತಿಂಗಳಾಗೋ ತನಕ ಎಳೆದ್ವಿ. ನನಗೆ ಸಿಕ್ಕಿದ್ದು ಐದು ದಿನ. ಕೇಂದ್ರ ಸರ್ಕಾರಿ ನೌಕರರಾದ್ರೆ ಅಪ್ಪಂದಿರಿಗೆ 15 ದಿನ ರಜೆ ಇದೆ. ಖಾಸಗಿ ಕಂಪನಿಯಲ್ಲಿ ಅದು ಅವರವರ ಪಾಲಿಸಿ, ಅವರವರ ಮನಸ್ಸು.

ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಾನೂ ಅದೇ ತಿದ್ದುಪಡಿ ಹೇಳಿತ್ತು. ಹೆಂಡ್ತಿ ಆಫೀಸಿನಲ್ಲಿ ಕೇಳಿದ್ಲು. ಒಂದು ಡೇ ಕೇರ್ ಜೊತೆ ಒಪ್ಪಂದ ಇದೆ ಅಂದ್ರು. ನಮ್ಮನೆಯಿಂದ ಅಲ್ಲಿಗೆ ಬೆಂಗಳೂರು ಟ್ರಾಫಿಕ್ಕಲ್ಲಿ ಒಂದೂಕಾಲು ಗಂಟೆ. ಆರು ತಿಂಗಳ ಕೂಸನ್ನ ದಿನಾ ಎರಡೂವರೆ ಗಂಟೆ ಆಟೋದಲ್ಲಿ ಕೂರಿಸೋಕಾಗುತ್ತಾ?

ಊರಿಂದ ಅಮ್ಮ ಬಂದ್ರು. ಎರಡೂವರೆ ತಿಂಗಳು ಇದ್ರು. ಅಲ್ಲಿ ಅಪ್ಪ ಒಬ್ಬರೇ. ಅರಸೀಕೆರೆ ಹತ್ರ ನಮ್ಮೂರು, ತೆಂಗಿನ ತೋಟ. ಅಪ್ಪಂಗೆ ಅನ್ನ ಮಾಡೋಕೆ ಬರುತ್ತೆ, ಸಾರು ಮಾಡೋಕೆ ಬರಲ್ಲ. ಒಂದಿನ ಅಮ್ಮ ಹೇಳಿದ್ರು, "ನಾನು ಇಲ್ಲೇ ಇದ್ರೆ ಅಲ್ಲಿ ನಿಮ್ಮಪ್ಪ ಮೊಸರನ್ನ ತಿಂದ್ಕೊಂಡೇ ಸೊರಗೋಗ್ತಾರೆ ಕಣೋ. ಮಗುನ ಜೊತೆಗೆ ಕಳಿಸು. ಶನಿವಾರ ಶನಿವಾರ ಬನ್ನಿ." ನಮಗೂ ಬೇರೆ ದಾರಿ ಕಾಣಲಿಲ್ಲ. ಒಂಬತ್ತು ತಿಂಗಳಿಗೆ ಹಾಕೋ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿ, ತಾಯಿ ಕಾರ್ಡನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಕೊಟ್ಟು, ಕಳಿಸಿಬಿಟ್ವಿ.

ಆಮೇಲೆ ದಿನಾ ರಾತ್ರಿ ಎಂಟು ಗಂಟೆಗೆ ವಿಡಿಯೋ ಕಾಲ್. ನಾನು ಈ ಕಡೆಯಿಂದ "ಪುಟ್ಟಿ, ಅಪ್ಪ ನೋಡು, ಅಪ್ಪ" ಅಂತಿದ್ದೆ. ಅವಳು ಸ್ಕ್ರೀನ್ ನೆಕ್ಕೋಳು. ಹತ್ತು ತಿಂಗಳಿಗೆ "ಪ್ಪ" ಅಂದ್ಲು. ನಾನು ಆಫೀಸಲ್ಲಿ ಎಲ್ಲರಿಗೂ ಸಿಹಿ ಹಂಚಿದೆ, ನಿಜವಾಗ್ಲೂ.

ಪ್ರತಿ ಶನಿವಾರ ಹೋಗ್ತೀವಿ ಅಂತ ಅಂದ್ಕೊಂಡಿದ್ವಿ. ಆದ್ರೆ ನನಗೆ ಆನ್-ಕಾಲ್ ಡ್ಯೂಟಿ ಬಂದು ಮೂರು ವಾರ ತಪ್ಪಿತು. ಹೆಂಡ್ತಿ ಒಬ್ಳೇ ಹೋಗಿಬಂದ್ಲು. ನಾಲ್ಕನೇ ವಾರ ನಾನು ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬ್ಯಾಗ್ ಎಸೆದು, ಓಡಿ ಹೋಗಿ ಎತ್ಕೊಂಡೆ. ಅವಳು ಚಿಟ್ಟನೆ ಚೀರಿದ್ಲು. ಅಮ್ಮನ ಕಡೆ ಕೈ ಚಾಚಿ ಅಳೋಕೆ ಶುರು ಮಾಡಿದ್ಲು. ಅಮ್ಮ ಎತ್ಕೊಂಡು, "ಅಪ್ಪ ಕಣೇ, ನಿಮ್ಮಪ್ಪ" ಅಂದ್ರು. "ಅಪ್ಪ" ಅನ್ನೋ ಪದ ಕೇಳಿದ್ದೇ ತಡ, ಅವಳು ಅಳು ನಿಲ್ಲಿಸಿ ಟಿವಿ ಸ್ಟ್ಯಾಂಡ್ ಮೇಲಿದ್ದ ಫೋನ್ ಕಡೆ ಬೆರಳು ತೋರಿಸಿದ್ಲು. "ಪ್ಪ."

ಅಮ್ಮ ನಕ್ಕರು. "ಅವಳಿಗೆ ನೀನು ಫೋನ್ ಒಳಗಿರೋನು ಕಣೋ" ಅಂದ್ರು. ನಾನೂ ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ಮುಖ ತೊಳ್ಕೊಂಡೆ.

ಇಲ್ಲಿ ಒಂದು ವಿಷಯ ಹೇಳಬೇಕು, ಯಾಕಂದ್ರೆ ಇದು ಎಷ್ಟೋ ಮನೇಲಿ ಆಗುತ್ತೆ, ಎಷ್ಟೋ ಅಪ್ಪಂದಿರು ಇದನ್ನ ಮನಸ್ಸಿಗೆ ಹಚ್ಕೊಂಡು ಕೂರ್ತಾರೆ. ಎಂಟು-ಒಂಬತ್ತು ತಿಂಗಳ ಹೊತ್ತಿಗೆ ಮಗುವಿಗೆ ತನ್ನವರು ಯಾರು, ಹೊರಗಿನವರು ಯಾರು ಅನ್ನೋ ವ್ಯತ್ಯಾಸ ಗೊತ್ತಾಗಲು ಶುರುವಾಗುತ್ತದೆ. ದಿನಾ ಕಾಣುವವರು ಬಿಟ್ಟು ಹೋದರೆ ಅಳು, ಕಾಣದವರು ಹತ್ತಿರ ಬಂದರೆ ಭಯ. ಸುಮಾರು ಒಂದೂವರೆ ವರ್ಷದ ತನಕ ಇದು ಜೋರಾಗಿಯೇ ಇರುತ್ತದೆ. ಅದು ಮಗುವಿನ ಬುದ್ಧಿ ಬೆಳೀತಿರೋದರ ಗುರುತು. ಪ್ರೀತಿ ಕಡಿಮೆ ಆಯ್ತು ಅಂತ ಅಲ್ಲ.

ಇನ್ನೊಂದು, ಎರಡು ವರ್ಷದೊಳಗಿನ ಮಕ್ಕಳು ಎದುರಿಗಿರೋ ಮನುಷ್ಯರಿಂದ ಕಲಿಯುವಷ್ಟು ಸುಲಭವಾಗಿ ಸ್ಕ್ರೀನಿಂದ ಕಲಿಯುವುದಿಲ್ಲ. ಎರಡು ವರ್ಷ ತುಂಬೋ ತನಕ ಸ್ಕ್ರೀನ್ ಬೇಡ, ಎರಡು ವರ್ಷ ತುಂಬಿದ ಮೇಲೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮನೆಯವರ ಜೊತೆಗಿನ ವಿಡಿಯೋ ಕಾಲ್‌ಗೆ ಅಮೆರಿಕದ ಮಕ್ಕಳ ವೈದ್ಯರ ಸಂಘ ವಿನಾಯಿತಿ ಕೊಟ್ಟಿದೆ. ಹಾಗಾಗಿ ಕಾಲ್ ಮಾಡಿದ್ದು ತಪ್ಪಲ್ಲ. ಕಾಲ್ ಮಾಡಿದ್ರೆ ಸಾಕು ಅಂದ್ಕೊಂಡಿದ್ದು ನನ್ನ ತಪ್ಪು.

ಸರಿ, ಅದಾಗಿ ಒಂದೂವರೆ ತಿಂಗಳು. ಆ ಶನಿವಾರ ಇಬ್ಬರೂ ಹೋಗಿದ್ವಿ. ನಡುಮನೇಲಿ ಅಮ್ಮ ಮಗುನ ಗೋಡೆಗೆ ಒರಗಿಸಿ ನಿಲ್ಲಿಸಿ, ನಾಲ್ಕು ಹೆಜ್ಜೆ ದೂರ ಕೂತ್ಕೊಂಡು "ಬಾ ಬಾ" ಅಂದ್ರು. ಪುಟ್ಟಿ ಒಂದು, ಎರಡು, ಮೂರು... ಐದು ಹೆಜ್ಜೆ ಇಟ್ಟು ಮಡಿಲಿಗೆ ಬಿದ್ಲು. "ನೋಡ್ರೋ ನೋಡ್ರೋ! ಇವತ್ತೇ ಮೊದಲು! ನೀವು ಬರ್ಲಿ ಅಂತ ಕಾಯ್ತಿದ್ದಳು ನೋಡು" ಅಂತ ಅಮ್ಮ ಕೂಗಿದ್ರು. ಹೆಂಡ್ತಿ ಅತ್ತಳು. ನಾನು ವಿಡಿಯೋ ಮಾಡಿ ಎಲ್ಲ ಗ್ರೂಪಿಗೂ ಹಾಕಿದೆ.

ಸಂಜೆ ಪಕ್ಕದ ಮನೆಯವರು ಮಜ್ಜಿಗೆ ಕೇಳ್ಕೊಂಡು ಬಂದ್ರು. ನಾನು ಖುಷಿಯಲ್ಲಿ ಹೇಳಿದೆ, ಮಗು ಇವತ್ತು ನಡೆದ್ಲು ಅಂತ. ಅವರು ಅಂದ್ರು, "ಅಯ್ಯೋ, ಮಂಗಳವಾರದಿಂದ್ಲೂ ಬೀದಿ ತುಂಬ ಓಡಾಡ್ತಾವ್ಳಲ್ಲಪ್ಪ!"

ಒಳಗೆ ಅಮ್ಮ ಪಾತ್ರೆ ಜೋಡಿಸ್ತಾ ಇದ್ರು. ತಿರುಗಿ ನೋಡಲಿಲ್ಲ.

ನಾವು ಏನೂ ಕೇಳಲಿಲ್ಲ. ಭಾನುವಾರ ರಾತ್ರಿ ವಾಪಸ್ ಟ್ರೈನಲ್ಲಿ ತಿಪಟೂರು ದಾಟೋ ತನಕ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಹೆಂಡ್ತಿ ಹೇಳಿದ್ಲು, "ನಮ್ಮ ಸಮಾಧಾನಕ್ಕೆ ನಿಮ್ಮಮ್ಮ ಸುಳ್ಳು ಹೇಳಬೇಕಾಯ್ತಲ್ಲ." ತುಮಕೂರು ಬರೋಷ್ಟರಲ್ಲಿ ಮಗುನ ಕರ್ಕೊಂಡು ಬರೋದು ಅಂತ ತೀರ್ಮಾನ ಆಗಿತ್ತು.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡ್ತಾರೆ. ಸುಲಿಯದ ಕಾಯಿನ ಅಟ್ಟಕ್ಕೆ ಹಾಕಿ ಹನ್ನೊಂದು-ಹನ್ನೆರಡು ತಿಂಗಳು ಬಿಡ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಡುತ್ತೆ. ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಲೊಟಲೊಟ ಅನ್ನುತ್ತೆ. ಪುಟ್ಟಿ ಹುಟ್ಟಿದ ತಿಂಗಳು ಅಪ್ಪ ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿ ಆಗೋಷ್ಟರಲ್ಲಿ ಮಗಳು ನಡೀತಿದ್ಲು. ಕಾಯಿಗಾದ್ರೆ ಅವಸರ ಇಲ್ಲ, ಒಂದು ವಾರ ಬಿಟ್ಟು ಇಳಿಸಿದ್ರೂ ನಡೆಯುತ್ತೆ. ಮಗು ಹಾಗಲ್ಲ. ಹುಟ್ಟಿದಾಗಿನ ತೂಕ ಒಂದು ವರ್ಷಕ್ಕೆ ಮೂರು ಪಟ್ಟಾಗುತ್ತೆ. 50 ಸೆಂಟಿಮೀಟರ್ ಆಸುಪಾಸು ಇದ್ದ ಉದ್ದ 75 ಆಗುತ್ತೆ. ಆಮೇಲೆ ಇಡೀ ಬಾಲ್ಯದಲ್ಲಿ ಅಷ್ಟು ವೇಗವಾಗಿ ಯಾವ ವರ್ಷವೂ ಬೆಳೆಯೋದಿಲ್ಲ.

ಕರ್ಕೊಂಡು ಬಂದ ಮೇಲೆ ಎಲ್ಲ ಸರಿಹೋಯ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಮನೆ ಹತ್ರ ಒಂದು ಬೇಬಿ ಸಿಟ್ಟಿಂಗ್ ಹುಡುಕಿದ್ವಿ. ಹೆಂಡ್ತಿ ಬೆಳಗಿನ ಶಿಫ್ಟ್ ತಗೊಂಡ್ಲು. ನಾನು ರಾತ್ರಿ ಹೊತ್ತಿನ ಕಾಲ್‌ಗಳಿರೋ ಟೀಮ್ ಬಿಟ್ಟೆ, ಅದರ ಜೊತೆ ಬರಬೇಕಿದ್ದ ಪ್ರಮೋಷನ್ನೂ ಬಿಟ್ಟೆ. ತಿಂಗಳಿಗೆ ಒಂದು ಇಎಂಐ ಕಟ್ಟಿದಷ್ಟು ಫೀಸು. ಮೊದಲ ತಿಂಗಳು ಮೂರು ಸಲ ನೆಗಡಿ, ಜ್ವರ. ರಾತ್ರಿ ಎದ್ದು ಬಾಗಿಲ ಹತ್ರ ಹೋಗಿ "ಅಜ್ಜಿ, ಅಜ್ಜಿ" ಅಂತ ತಟ್ಟೋಳು. ಅಮ್ಮನ ಒಂದು ಹಳೇ ಸೀರೆ ತರಿಸಿ ಹಾಸಿದ ಮೇಲೆ ಮಲಗೋಕೆ ಶುರು ಮಾಡಿದ್ಲು.

ಆ ಕಡೆ ಊರಿಂದ ಅಪ್ಪ ಫೋನ್ ಮಾಡಿದ್ರು. ಅವರು ಫೋನ್ ಮಾಡೋರೇ ಅಲ್ಲ. "ನಿಮ್ಮಮ್ಮ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಕಣೋ. ಮಗು ಆಡ್ತಿದ್ದ ಲೋಟನ ತೊಳೆಯೋಕೂ ಬಿಡ್ತಿಲ್ಲ" ಅಂದ್ರು. ಆಗ ನನಗೆ ಹೊಳೀತು. ನಾವು ನಮ್ಮ ಮಗುನ ವಾಪಸ್ ತಂದ್ವಿ. ಅಮ್ಮಂಗೆ ಅದು ಅವರ ಕೈಯಿಂದ ಕಿತ್ಕೊಂಡ ಹಾಗೆ ಆಗಿತ್ತು. ಐದು ತಿಂಗಳು ಅನ್ನ ಕಲೆಸಿ ತಿನ್ನಿಸಿ, ಎಣ್ಣೆ ಹಚ್ಚಿ ನೀರೆರೆದು, ಮೊದಲ ಹೆಜ್ಜೆ ನೋಡಿ, ನೋಡಿದ್ದನ್ನ ಮುಚ್ಚಿಟ್ಕೊಂಡು ನಮಗೆ ಕೊಟ್ಟೋರು ಅವರು. ನಾವು ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ.

ಈಗ ಎರಡು ವಾರಕ್ಕೊಂದು ಸಲ ಹೋಗ್ತೀವಿ. ಆನ್-ಕಾಲ್ ಇದ್ರೆ ಲ್ಯಾಪ್‌ಟಾಪ್ ತಗೊಂಡೇ ಹೋಗ್ತೀನಿ, ಆದ್ರೆ ತಪ್ಪಿಸಲ್ಲ. ವರ್ಷಕ್ಕೆ ಎರಡು ಸಲ ಅಮ್ಮ ಬಂದು ಹತ್ತು-ಹದಿನೈದು ದಿನ ಇರ್ತಾರೆ. ಅಪ್ಪ ಸಾರು ಮಾಡೋದು ಕಲಿತಿದ್ದಾರೆ.

ನಿಮ್ಮಲ್ಲೂ ಯಾರಾದ್ರೂ ಮಗುನ ಊರಲ್ಲಿ ಬಿಟ್ಟು ಇಲ್ಲಿ ದುಡೀತಾ ಇರಬಹುದು. ತಪ್ಪು ಅಂತ ನಾನು ಹೇಳಲ್ಲ. ಎಲ್ಲರಿಗೂ ಶಿಫ್ಟ್ ಬದಲಾಯಿಸೋಕಾಗಲ್ಲ, ಎಲ್ಲರಿಗೂ ಫೀಸು ಕಟ್ಟೋಕಾಗಲ್ಲ. ನಾನು ಕಲಿತ ಎರಡು ಮಾತು ಮಾತ್ರ ಹೇಳ್ತೀನಿ. ಒಂದು, ಬಹಳ ದಿನ ಆದ್ಮೇಲೆ ಮಗುನ ನೋಡಿದಾಗ ಓಡಿ ಹೋಗಿ ಎತ್ಕೋಬೇಡಿ. ನೆಲದ ಮೇಲೆ ಕೂತ್ಕೊಳ್ಳಿ, ಅದೇ ಬರಲಿ, ಹತ್ತು ನಿಮಿಷ ಆಗಲಿ, ಅರ್ಧ ಗಂಟೆ ಆಗಲಿ. ಎರಡು, ಮಗು ಜೊತೆಲಿ ಇರೋ ಹೊತ್ತಲ್ಲಿ ಫೋನ್ ಬೇರೆ ರೂಮಲ್ಲಿರಲಿ. ನಮ್ಮನೇಲಿ ಏಳರಿಂದ ಎಂಟೂವರೆ ತನಕ ಎರಡೂ ಫೋನು ಬೀರು ಒಳಗೆ.

ನಮ್ಮಲ್ಲಿ ಹೆಚ್ಚಿನವರಿಗೆ ಮೂರು ವರ್ಷಕ್ಕೆ ಮುಂಚಿನದ್ದು ಏನೂ ನೆನಪಿರಲ್ಲ. ಪುಟ್ಟಿಗೂ ಆ ಐದು ತಿಂಗಳು ನೆನಪಿರಲ್ಲ. ಅಜ್ಜಿ ಮುಂದೆ ಇಟ್ಟ ಮೊದಲ ಹೆಜ್ಜೆನೂ ನೆನಪಿರಲ್ಲ. ಅದನ್ನ ಅವಳಿಗೆ ನಾವೇ ಹೇಳಬೇಕು, ಅದಕ್ಕೇ ಇದನ್ನ ರೆಕಾರ್ಡ್ ಮಾಡ್ತಿದ್ದೀನಿ. ದೊಡ್ಡವಳಾದ ಮೇಲೆ ಕೇಳಲಿ. ನೀನು ಮೊದಲು ನಡೆದದ್ದು ಮಂಗಳವಾರ ಕಣಮ್ಮ, ಶನಿವಾರ ಅಲ್ಲ.

ಹೋದ ವಾರದ್ದು ಹೇಳಿ ಮುಗಿಸ್ತೀನಿ. ಮಗುಗೆ ಹುಷಾರಿಲ್ಲದೆ ಒಂದು ಸಲ ತಪ್ಪಿ, ನಾಲ್ಕು ವಾರ ಆದ್ಮೇಲೆ ಊರಿಗೆ ಹೋದ್ವಿ. ಪುಟ್ಟಿ ನನ್ನ ಕಾಲ ಹಿಂದೆ ಬಚ್ಚಿಟ್ಕೊಂಡು ಅಮ್ಮನ್ನ ನೋಡಿದ್ಲು. ಆಮೇಲೆ ನನ್ನ ಜೇಬಿಗೆ ಬೆರಳು ತೋರಿಸಿ "ಅಜ್ಜಿ" ಅಂದ್ಲು. ಜೇಬಲ್ಲಿ ಫೋನಿತ್ತು. ನನಗೆ ಎದೆ ಧಸಕ್ ಅಂತು. ಅಮ್ಮ ಏನೂ ಅನ್ನಲಿಲ್ಲ, ಎತ್ಕೊಳ್ಳೋಕೂ ಬರಲಿಲ್ಲ. ಜಗಲಿ ಮೇಲೆ ಕೂತು, ಪಕ್ಕದಲ್ಲಿದ್ದ ಒಂದು ಕೊಬ್ಬರಿ ಕಾಯಿ ತಗೊಂಡು ಕಿವಿ ಹತ್ರ ಅಲ್ಲಾಡಿಸಿದ್ರು. ಲೊಟಲೊಟ. ಸುಮ್ಮನಾದ್ರು. ಮತ್ತೆ ಅಲ್ಲಾಡಿಸಿದ್ರು. ಪುಟ್ಟಿ ನನ್ನ ಪ್ಯಾಂಟ್ ಬಿಟ್ಲು. ಹೋಗಿ ಅಮ್ಮನ ಮೊಣಕಾಲು ಹಿಡ್ಕೊಂಡು, ತನ್ನ ಕಿವಿ ತೋರಿಸಿದ್ಲು. "ಅಜ್ಜಿ, ನಂಗೆ."

ಇಷ್ಟೇ ಇವತ್ತಿಂದು. ಊರಲ್ಲಿ ಅಮ್ಮನೋ ಅತ್ತೆಯೋ ನಿಮ್ಮ ಮಗುನ ನೋಡ್ಕೊಳ್ತಾ ಇದ್ರೆ ಈಗ್ಲೇ ಒಂದು ಫೋನ್ ಮಾಡಿ. ಮಗುನ ತೋರಿಸಿ ಅನ್ನೋಕೆ ಮುಂಚೆ, ನಿಮ್ಮದು ಊಟ ಆಯ್ತಾ ಅಂತ ಅವರನ್ನ ಕೇಳಿ.