ಹಿಪ್ಪುನೇರಳೆ ತೋಟದಲ್ಲಿ ಮ್ಯಾಕ್ರೋ ಕ್ಯಾಮೆರಾ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ನಮ್ಮ ಕೆಲಸದಲ್ಲಿ ಪ್ರೋಗ್ರಾಮಿನ ದೋಷಕ್ಕೆ ‘ಬಗ್’, ಅಂದರೆ ಹುಳ ಎನ್ನುತ್ತಾರೆ. ವಾರವೆಲ್ಲ ಆ ಹುಳ ಹುಡುಕುವ ನಾನು, ರಜೆಗೆ ಸಾದಲಿಗೆ ಬಂದಾಗ ಹಿಪ್ಪುನೇರಳೆ ತೋಟದಲ್ಲಿ ನಿಜವಾದ ಹುಳಗಳ ಫೋಟೊ ತೆಗೆಯುತ್ತೇನೆ. ಎರಡೂ ಕಡೆ ನಿಯಮ ಒಂದೇ: ಯಾವ ಹುಳ ಎಂದು ತಿಳಿಯುವ ಮೊದಲು ಕೈ ಹಾಕಬಾರದು.

ರೇಷ್ಮೆ ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ಅನ್ನ. ಹಿಪ್ಪುನೇರಳೆಯ ಟುಕ್ರಾ ರೋಗ ಇಲ್ಲಿ ಯಾರಿಗೆ ಗೊತ್ತಿಲ್ಲ? ಕುಡಿ ಮುದುಡುತ್ತದೆ, ಎಲೆ ಗಂಟಾಗುತ್ತದೆ, ಸೊಪ್ಪು ಕಡಿಮೆಯಾಗುತ್ತದೆ. ಕುಡಿ ಬಿಡಿಸಿದರೆ ಒಳಗೆ ಬಿಳಿ ಹಿಟ್ಟು ಮೆತ್ತಿದಂಥ ಹುಳಗಳು. ಅದೇ ಹಿಟ್ಟು ತಿಗಣೆ. ಸುಮಾರು 3 ಮಿ.ಮೀ. ಉದ್ದದ ಈ ಕೀಟ ಮೂತಿಯನ್ನು ಕುಡಿಗೆ ಚುಚ್ಚಿ ರಸ ಹೀರುತ್ತದೆ.

ಆದರೆ ಅದೇ ಕುಡಿಯಲ್ಲಿ ಇನ್ನೊಂದು ಬಿಳಿ ಹುಳ ಇರಬಹುದು. ಮೈಮೇಲೆ ಮೇಣದ ಉದ್ದುದ್ದ ಎಳೆಗಳು. ಬರಿಗಣ್ಣಿಗೆ ದೊಡ್ಡ ಹಿಟ್ಟು ತಿಗಣೆಯೇ. ಮ್ಯಾಕ್ರೋ ಲೆನ್ಸಿನಲ್ಲಿ ನೋಡಿದರೆ ಎಳೆಗಳ ಕೆಳಗೆ ಆರು ಗಟ್ಟಿ ಕಾಲು, ಮುಂದೆ ಕಚ್ಚುವ ದವಡೆ ಕಾಣುತ್ತವೆ. ಇದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳದ ಮರಿ. ಹಿಟ್ಟು ತಿಗಣೆಯೇ ಇದರ ಊಟ. ಆಸ್ಟ್ರೇಲಿಯಾ ಮೂಲದ ಈ ಹುಳವನ್ನು 1898ರಲ್ಲೇ ಭಾರತಕ್ಕೆ ತಂದರು. ಗುರುತಿಸಲು ಕ್ಯಾಮೆರಾ ಇಲ್ಲದಿದ್ದರೂ ಒಂದು ಉಪಾಯವಿದೆ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ತಿಗಣೆ ಅಲ್ಲೇ ಕೂತಿರುತ್ತದೆ ಇಲ್ಲವೇ ನಿಧಾನವಾಗಿ ಸರಿಯುತ್ತದೆ. ಗುಲಗಂಜಿ ಮರಿ ಚುರುಕಾಗಿ ಓಡುತ್ತದೆ. ಗುರುತಿಸದೆ ಔಷಧಿ ಹೊಡೆದರೆ ಕೂಲಿಯಿಲ್ಲದೆ ದುಡಿಯುವ ಆಳನ್ನೇ ಕೊಂದಂತೆ. ಮೇಲಾಗಿ ಆ ಸೊಪ್ಪನ್ನೇ ನಾವು ರೇಷ್ಮೆ ಹುಳುವಿಗೆ ಹಾಕಬೇಕು.

ಇನ್ನೂ ಚಿಕ್ಕ ನೆಂಟರಿದ್ದಾರೆ. 2008ರಲ್ಲಿ ತಮಿಳುನಾಡಿನ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯ ಹಿಟ್ಟು ತಿಗಣೆ ಪಪ್ಪಾಯವನ್ನಷ್ಟೇ ಅಲ್ಲ, ಹಿಪ್ಪುನೇರಳೆಯನ್ನೂ ಹಾಳುಮಾಡಿತು. ಔಷಧಿಗೆ ಬಗ್ಗಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಪುಟ್ಟ ಕಣಜಗಳನ್ನು ತರಿಸಿದರು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಕೀಟ ಸಂಸ್ಥೆ ಅವನ್ನು ಬೆಳೆಸಿ ಹಂಚಿತು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದು ಒಂದು ಮಿ.ಮೀ.ಗಿಂತಲೂ ಚಿಕ್ಕದು. ಅದು ತಿಗಣೆಯೊಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿನಿಂದಲೇ ತಿಂದು ಬೆಳೆಯುತ್ತದೆ. ಫೋಟೊ ದೊಡ್ಡದು ಮಾಡಿದರೆ ಸತ್ತ ತಿಗಣೆಯ ಒಣಗಿದ ಕವಚದಲ್ಲಿ ಕಣಜ ಹೊರಬಂದ ಗುಂಡನೆಯ ತೂತು ಕಾಣುತ್ತದೆ. ಆ ತೂತು ಕಂಡರೆ ನಮ್ಮ ಕಡೆಯವರು ತೋಟಕ್ಕೆ ಬಂದಿದ್ದಾರೆ ಎಂದು ಅರ್ಥ.

ವಿದ್ಯಾರ್ಥಿಗಳೇ, ಇದಕ್ಕೆ ಲಕ್ಷದ ಕ್ಯಾಮೆರಾ ಬೇಡ. ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕ್ಯಾಮೆರಾ ಇದ್ದವರು ರಿವರ್ಸ್ ರಿಂಗ್ ಹಾಕಿ ಮಾಮೂಲಿ ಲೆನ್ಸನ್ನೇ ತಿರುಗಿಸಿ ಕೂರಿಸಬಹುದು. ಇಷ್ಟು ಹತ್ತಿರದಲ್ಲಿ ಕಣ್ಣು ಸ್ಪಷ್ಟವಾದರೆ ಕಾಲು ಮಸುಕಾಗುತ್ತದೆ. ಆದ್ದರಿಂದ ಫೋಕಸ್ ತುಸು ತುಸು ಸರಿಸಿ ಹತ್ತಾರು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಒಂದಾಗಿ ಜೋಡಿಸುತ್ತಾರೆ. ಇದೇ ಫೋಕಸ್ ಸ್ಟ್ಯಾಕಿಂಗ್. ಫ್ಲ್ಯಾಶಿನ ಮುಂದೆ ತೆಳು ಬಿಳಿ ಹಾಳೆ ಇಟ್ಟರೆ ಬೆಳಕು ಮೃದುವಾಗುತ್ತದೆ. ಬೆಳಗಿನ ಚಳಿಯಲ್ಲಿ ಹುಳಗಳು ಮಂದವಾಗಿರುತ್ತವೆ, ಆಗ ಹೋಗಿ. ಫೋಟೊಗಾಗಿ ಹುಳವನ್ನು ಹಿಡಿಯಬೇಡಿ, ಕೊಲ್ಲಬೇಡಿ.

ಈ ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ವಿಜ್ಞಾನ ಕೊಠಡಿಗೆ ಒಂದು ಕ್ಯಾಮೆರಾ, ಒಂದು ರಿವರ್ಸ್ ರಿಂಗ್, ಹತ್ತು ಕ್ಲಿಪ್ ಲೆನ್ಸ್ ಕೊಡುತ್ತಿದ್ದೇನೆ. ನನ್ನದೊಂದು ಬೇಡಿಕೆ: ನಿಮ್ಮ ಮನೆಯ ತೋಟದ ಹುಳಗಳ ಫೋಟೊ ತೆಗೆದು, ದಿನಾಂಕ, ಗಿಡದ ಹೆಸರು ಬರೆದು ಆಲ್ಬಂ ಮಾಡಿ. ರೇಷ್ಮೆ ಇಲಾಖೆಯವರಿಗೆ ತೋರಿಸಿ ಹೆಸರು ಕೇಳಿ. ಆಮೇಲೆ ಮನೆಯಲ್ಲಿ ಅಪ್ಪ ಔಷಧಿ ಪಂಪು ಹೆಗಲಿಗೇರಿಸುವಾಗ, ‘ಒಂದು ನಿಮಿಷ ಇರಪ್ಪ, ನೋಡ್ತೀನಿ’ ಅನ್ನಿ. ಓದಿದ ಮಕ್ಕಳು ಮನೆಗೆ ಮಾಡಬಹುದಾದ ದೊಡ್ಡ ಉಪಕಾರ ಅದು.