ಅಕ್ಷರದ ನಂಟು: ಇಂಗ್ಲಿಷಿನ ‘ಗ್ಲ’ ಪದಗಳು, ಕನ್ನಡದ ‘ಮಿ’ ಪದಗಳು



 ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಗುರುಗಳು ಕನ್ನಡದ ಮಕ್ಕಳಿಗೆ ಕನ್ನಡದ ಕೈಹಿಡಿಸಿಯೇ ಇಂಗ್ಲಿಷ್ ಕಲಿಸಿದವರು. ಆ ದಾರಿಯಲ್ಲೇ ಇನ್ನೊಂದು ಹೆಜ್ಜೆ ಇಡುವುದು ನನ್ನ ಉದ್ದೇಶ. ಈ ವಿಷಯಕ್ಕೆ ಹೈದರಾಬಾದಿಗಿಂತ ತಕ್ಕ ಊರಿಲ್ಲ. 1958ರಲ್ಲಿ ಇಲ್ಲಿ ಹುಟ್ಟಿದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ ನಮ್ಮ ವಿ. ಕೃ. ಗೋಕಾಕರು ನಿರ್ದೇಶಕರಾಗಿದ್ದರು. ಅದೇ ಇಂದಿನ ಇಫ್ಲು ವಿಶ್ವವಿದ್ಯಾಲಯ. ದ್ರಾವಿಡ ಧಾತುಗಳನ್ನು ಬಿಡಿಸಿ ತೋರಿಸಿದ ಭದ್ರಿರಾಜು ಕೃಷ್ಣಮೂರ್ತಿಗಳು ಉಸ್ಮಾನಿಯಾದಲ್ಲಿ ಭಾಷಾವಿಜ್ಞಾನ ವಿಭಾಗವನ್ನು ಕಟ್ಟಿದವರು.

ಇಂಗ್ಲಿಷ್ ಪದಗಳ ಉಪಸರ್ಗ, ಪ್ರತ್ಯಯ, ಲ್ಯಾಟಿನ್ ಮೂಲ ಇವನ್ನೆಲ್ಲ ನಾನು ವಿವರಿಸಬೇಕಿಲ್ಲ. 1949ರಲ್ಲಿ ಬಂದ ನಾರ್ಮನ್ ಲೂಯಿಸರ ಪದಸಂಪತ್ತಿನ ಪುಸ್ತಕ ಇಂದಿಗೂ ಸುಲಭವಾಗಿ ಸಿಗುತ್ತದೆ. ಅಮೀರ್‌ಪೇಟೆಯ ಕೋಚಿಂಗ್ ಸೆಂಟರುಗಳ ಮಕ್ಕಳೂ ಅದನ್ನು ಬಲ್ಲರು. ಆ ಮಾರ್ಗದಲ್ಲಿ ಅಕ್ಷರಗಳಿಗೆ ಅರ್ಥ ಬರುವುದು ವ್ಯುತ್ಪತ್ತಿಯಿಂದ. ವ್ಯುತ್ಪತ್ತಿಯ ನೆರವಿಲ್ಲದೆಯೂ ಕೆಲವು ಅಕ್ಷರಗಳು ಅರ್ಥವನ್ನು ಹೊತ್ತಿರುತ್ತವೆಯೇ? ನನ್ನ ಪ್ರಶ್ನೆ ಇದು.

‘ಗ್ಲ’ ಎಂದು ತೊಡಗುವ ಪದಗಳನ್ನು ನೋಡಿ. ಗ್ಲೋ ಎಂದರೆ ಕೆಂಡದ ನಿಗಿನಿಗಿ. ಗ್ಲಿಟರ್ ಎಂದರೆ ಲಾಡ್ ಬಜಾರಿನ ಬಳೆಗಳ ಝಗಮಗ. ಗ್ಲೀಮ್ ಎಂದರೆ ಉಜ್ಜಿ ಬೆಳಗಿದ ಹಿತ್ತಾಳೆಯ ಹೊಳಪು. ಗ್ಲಿಂಟ್ ಎಂದರೆ ಕತ್ತಿಯ ಅಲಗಿನಿಂದ ಚಿಮ್ಮುವ ಕ್ಷಣದ ಬೆಳಕು, ಗ್ಲಿಮರ್ ಎಂದರೆ ದೂರದ ದೀಪದ ಮಿಣುಕು. ಬೆಳಕಿನಿಂದ ಇವು ನೋಟಕ್ಕೆ ದಾಟುತ್ತವೆ: ಗ್ಲಾನ್ಸ್, ಕಣ್ಣು ಹಾಯಿಸುವುದು, ಗ್ಲಿಂಪ್ಸ್, ಕಂಡೂ ಕಾಣದಂತೆ ಮರೆಯಾಗುವ ನೋಟ. ಗ್ಲೇರ್ ಎಂಬುದಂತೂ ಕಣ್ಣು ಕುಕ್ಕುವ ಬೆಳಕೂ ಹೌದು, ಕೆಕ್ಕರಿಸಿ ನೋಡುವುದೂ ಹೌದು. ಇಂಥ ಅಕ್ಷರಗುಚ್ಛಕ್ಕೆ ಜೆ. ಆರ್. ಫರ್ತ್ 1930ರಲ್ಲಿ ‘ಫೋನೆಸ್ತೀಮ್’ ಎಂದು ಹೆಸರಿಟ್ಟರು. ಅವರು ಅದಕ್ಕೆ ಮುಂಚೆ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಹೆಸರಿಗಿಂತ ವಿಚಾರ ಹಳೆಯದು. 1653ರಲ್ಲೇ ಜಾನ್ ವಾಲಿಸ್ ತಮ್ಮ ಇಂಗ್ಲಿಷ್ ವ್ಯಾಕರಣದಲ್ಲಿ ಇಂಥ ಪಟ್ಟಿಗಳನ್ನು ಕೊಟ್ಟಿದ್ದರು.

ಪದಕ್ಕೂ ಅರ್ಥಕ್ಕೂ ಇರುವ ನಂಟು ಕೇವಲ ರೂಢಿ ಎಂದ ಸೊಸ್ಯೂರನ ಅನುಯಾಯಿಗಳು ಇದನ್ನು ಒಪ್ಪುವುದಿಲ್ಲ. ಗ್ಲವ್, ಗ್ಲೂ, ಗ್ಲೂಮ್ ಪದಗಳಲ್ಲಿ ಬೆಳಕೆಲ್ಲಿದೆ ಎಂದು ಕೇಳುತ್ತಾರೆ. ಅವುಗಳಲ್ಲಿ ಇಲ್ಲ, ನಿಜ. ಗ್ಲೂಮ್ ಎಂದರೆ ಕತ್ತಲೆಯೇ. ಆದರೆ ಅಪವಾದಗಳಿವೆ ಎಂದ ಮಾತ್ರಕ್ಕೆ ಒಲವು ಇಲ್ಲವೆಂದಾಗದು. 2004ರಲ್ಲಿ ಬೆಂಜಮಿನ್ ಬರ್ಗೆನ್ ನಡೆಸಿದ ಪ್ರಯೋಗದಲ್ಲಿ, ‘ಗ್ಲಿಟರ್’ ಕಂಡ ಕೂಡಲೇ ‘ಗ್ಲೋ’ ಕಂಡವರು ಅದನ್ನು ಬೇಗ ಗುರುತಿಸಿದರು. ಅಕ್ಷರ ಮಾತ್ರ ಒಂದೇ ಆಗಿದ್ದ ಜೋಡಿಗಳಲ್ಲೂ ಅರ್ಥ ಮಾತ್ರ ಹತ್ತಿರವಿದ್ದ ಜೋಡಿಗಳಲ್ಲೂ ಅಷ್ಟು ವೇಗ ಕಾಣಲಿಲ್ಲ. ಈ ಫಲಿತಾಂಶಕ್ಕೆ ಸೊಸ್ಯೂರನ ಪಕ್ಷ ಉತ್ತರ ಕೊಡಬೇಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಇವೆಲ್ಲ ಒಂದೇ ಹಳೆಯ ಧಾತುವಿನ ಕುಡಿಗಳು, ಹೋಲಿಕೆಯಲ್ಲಿ ಅಚ್ಚರಿಯೇನು ಎಂಬುದು ಅವರ ವಾದ. ಹಲವು ಪದಗಳಿಗೆ ಇದು ನಿಜ. ಆದರೆ ‘ಗ್ಲಾನ್ಸ್’ ಪದದ ಚರಿತ್ರೆ ಬೇರೆ. ಕೋಶಕಾರರು ಅದನ್ನು ಜಾರುವುದು ಎಂಬ ಅರ್ಥದ ಹಳೆಯ ಫ್ರೆಂಚ್ ಕ್ರಿಯಾಪದಕ್ಕೆ ಒಯ್ದು ಮುಟ್ಟಿಸುತ್ತಾರೆ. ಜಾರುವ ಪದ ಇಂಗ್ಲಿಷಿಗೆ ಬಂದು ನೋಟದ ಪದವಾಯಿತು. ‘ಗ್ಲ’ ಬಳಗವೇ ಅದನ್ನು ತನ್ನತ್ತ ಸೆಳೆದುಕೊಂಡಿತೆಂದು ನಾನು ತಿಳಿಯುತ್ತೇನೆ.

ಇಲ್ಲಿ ನಮ್ಮ ಕನ್ನಡ ನೆರವಿಗೆ ಬರುತ್ತದೆ. ಮಿಂಚು, ಮಿನುಗು, ಮಿಣುಕು, ಮಿರುಗು, ಮಿರಮಿರ. ನಿಮ್ಮಲ್ಲಿ ಹಲವರು ಮನೆಯಾಚೆ ಆಡುವ ತೆಲುಗಿನಲ್ಲಿ ಮಿಣುಗುರು, ಮಿಲಮಿಲ. ಬರೋ ಮತ್ತು ಎಮೆನೊ ಅವರ ದ್ರಾವಿಡ ಕೋಶದ ದಾರಿ ಹಿಡಿದು, ಇದು ‘ಮಿನ್’ ಎಂಬ ಒಂದೇ ಧಾತುವಿನ ಸಂಸಾರ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಮಿಂಚು, ಮಿನುಗುಗಳಿಗೆ ಆ ಮಾತು ಸಲ್ಲುತ್ತದೆ. ಕಣ್ಣು ಮಿಟುಕಿಸುವುದಕ್ಕೆ, ಮಗು ಮಿಕಮಿಕ ನೋಡುವುದಕ್ಕೆ ಏನು ಹೇಳೋಣ? ‘ಗ್ಲ’ದಂತೆ ನಮ್ಮ ‘ಮಿ’ಯೂ ಬೆಳಕಿನಿಂದ ಕಣ್ಣಿಗೆ ದಾಟಿದೆ. ವರ್ಷಗಟ್ಟಲೆ ಇದರ ಬೆನ್ನುಹತ್ತಿ ನಾನು ತಲುಪಿರುವ ನಿಲುವು ಇದು. ಮಿಡತೆ, ಮಿಗಿಲು, ಮಿದುಳು ಈ ಬಳಗದ ಹೊರಗುಳಿಯುತ್ತವೆ, ಅತ್ತ ಗ್ಲವ್ ಉಳಿದ ಹಾಗೆಯೇ. ಕೇಶಿರಾಜನ ಕಾಲದಿಂದ ನಮ್ಮ ವೈಯಾಕರಣರು ಅನುಕರಣ ಶಬ್ದಗಳನ್ನು ಬಲ್ಲರು. ಆದರೆ ಪದದ ಮೊದಲ ಅಕ್ಷರದಲ್ಲೇ ಅಡಗಿರುವ ಈ ಒಲವಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಇನ್ನು ಕಲಿಕೆಯ ಮಾತು. ಒಂದೇ ಅರ್ಥವಲಯದ ಪದಗಳನ್ನು ಒಟ್ಟಿಗೆ ಕಲಿಸಿದರೆ ಒಂದಕ್ಕೊಂದು ಅಡ್ಡಬರುತ್ತವೆ ಎಂದು ಪದಕಲಿಕೆಯ ಸಂಶೋಧಕರಾದ ಟಿಂಕಮ್ 1993ರಲ್ಲಿ, ವೇರಿಂಗ್ 1997ರಲ್ಲಿ ತೋರಿಸಿದರು. ರೂಪದಲ್ಲಿ ಹೋಲುವ ಪದಗಳೂ ಗೊಂದಲ ಹುಟ್ಟಿಸುತ್ತವೆ ಎಂದು ಬಟಿಯಾ ಲಾಫರ್ 1988ರಲ್ಲೇ ಎಚ್ಚರಿಸಿದ್ದರು. ಹಾಗಿದ್ದ ಮೇಲೆ ಅಕ್ಷರವೂ ಅರ್ಥವೂ ಒಂದಾಗಿರುವ ಗುಂಪು ಎರಡರಷ್ಟು ಅಪಾಯಕಾರಿ ಎಂಬುದು ನನ್ನ ವಿರೋಧಿಗಳ ತೀರ್ಪು. ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಟಿಂಕಮ್ ಮತ್ತು ವೇರಿಂಗ್ ಕಲಿಸಿದ್ದು ಕಲ್ಪಿತ ಪದಗಳನ್ನು, ಅದೂ ಎಲ್ಲವನ್ನೂ ಒಂದೇ ಉಸಿರಿಗೆ. ಗೈಡುಗಳಲ್ಲೂ ಇದೇ ತಪ್ಪಿದೆ: ಹತ್ತು ‘ಗ್ಲ’ ಪದಗಳನ್ನು ಒಂದೇ ಪುಟದಲ್ಲಿ ಸುರಿದು, ಎಲ್ಲಕ್ಕೂ ‘ಹೊಳೆ’ ಎಂದು ಅರ್ಥ ಬರೆದುಬಿಡುತ್ತಾರೆ. ಆಗ ಮಗು ಗ್ಲಿಂಪ್ಸನ್ನೂ ಗ್ಲಾನ್ಸನ್ನೂ ಅದಲುಬದಲು ಮಾಡದೆ ಇರುವುದಾದರೂ ಹೇಗೆ?

ನನ್ನ ತರಗತಿಗಳಲ್ಲಿ ಫಲ ಕೊಟ್ಟ ಕ್ರಮ ಬೇರೆ. ಪ್ರತಿ ಪದವೂ ಅದರದರ ಕತೆಯಲ್ಲಿ, ಬೇರೆ ಬೇರೆ ವಾರಗಳಲ್ಲಿ ಮಗುವಿಗೆ ಸಿಗಬೇಕು. ನಾಲ್ಕೈದು ಪದಗಳು ಚೆನ್ನಾಗಿ ಕೈವಶವಾದ ಮೇಲೆ ಅವನ್ನು ಒಂದೆಡೆ ಕೂಡಿಸಿ, ಇವುಗಳಲ್ಲಿ ಏನು ಕಾಣುತ್ತೀರಿ ಎಂದು ಮಕ್ಕಳನ್ನೇ ಕೇಳಬೇಕು. ಆಮೇಲೆ ಕನ್ನಡದಲ್ಲಿ ಇಂಥದ್ದಿದೆಯೇ ಎಂದು ಕೇಳಬೇಕು. ಮಿಂಚು, ಮಿನುಗು ಎನ್ನುತ್ತ ಮಕ್ಕಳು ತಾವೇ ಪಟ್ಟಿ ಕಟ್ಟುತ್ತಾರೆ. ಗುಂಪುಗೂಡಿಸುವುದು ಕಲಿಕೆಯ ಕೊನೆಯಲ್ಲಿ ಬರಬೇಕು, ಆರಂಭದಲ್ಲಿ ಅಲ್ಲ. ದತ್ತಿಯ ಗುರುಗಳು ಈ ಸಭೆಯಲ್ಲಿದ್ದಿದ್ದರೆ ಇದನ್ನು ಮನಸಾರೆ ಒಪ್ಪುತ್ತಿದ್ದರೆಂದು ನಂಬಿದ್ದೇನೆ.

ತೆಲಂಗಾಣದ ಗಡಿಯಲ್ಲಿ, ಕೃಷ್ಣಾ ಮಂಡಲದಂಥ ಕಡೆ ಕನ್ನಡದಲ್ಲೇ ಓದುವ ಮಕ್ಕಳಿದ್ದಾರೆ. ಅವರ ಇಂಗ್ಲಿಷ್ ಪಾಠಗಳ ಕೊನೆಗೆ ಇಂಥ ಒಂದು ಪುಟ, ಇಂಗ್ಲಿಷ್ ಬಳಗದ ಎದುರಿಗೆ ಕನ್ನಡದ ಬಳಗವಿರುವ ಪುಟ, ಸೇರಲಿ. ಅದನ್ನು ಸಿದ್ಧಪಡಿಸಲು ಇಲ್ಲಿ ನೆರೆದಿರುವ ಶಿಕ್ಷಕರು ಮುಂದೆ ಬರಬೇಕೆಂದು ಕೈಮುಗಿದು ಕೇಳುತ್ತೇನೆ.